ಫ್ಯೂಸ್ ಕಿತ್ತ ಮೇಲೂ

೮ ಫೆಬ್ರವರಿ ೧೯೮೮, ಸೋಮವಾರ

ಚಕ್ರ ಬಂತು.

ಗೌರಿಬಿದನೂರಿನ ಗುಜರಿಯವನು ಹೇಳಿದ ದಿನಕ್ಕೆ ಕಳಿಸುವ ಪೈಕಿ ಅಲ್ಲ ಎಂದುಕೊಂಡಿದ್ದೆ, ಕಳಿಸಿಬಿಟ್ಟ. ಯಾವುದೋ ಕಾಲದ ಎಣ್ಣೆ ಇಂಜಿನ್ನಿನದು. ಇಂಜಿನ್ನು ಕರಗಿ ಏನೇನೋ ಆಗಿಹೋಗಿದೆ, ಇದೊಂದು ಉಳಿದಿದೆ. ನಿಲ್ಲಿಸಿದರೆ ನನ್ನ ಎದೆಮಟ್ಟ. ಹಗ್ಗ ಹಾಕಿ ಲಾರಿಯಿಂದ ಇಳಿಸುವಾಗ ಹೊಸ್ತಿಲಿನ ಚಪ್ಪಡಿ ಸೀಳಿತು. ನನ್ನ ಹೆಂಡತಿ ಜಾನಕಮ್ಮ ಇದ್ದಿದ್ದರೆ ಚಪ್ಪಡಿಗೆ ಆದದ್ದು ನನಗೂ ಆಗುತ್ತಿತ್ತು.

ಮುನಿಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಅದರ ಸುತ್ತ ಒಂದು ಸುತ್ತು ಹಾಕಿದಳು. ದಿಬ್ಬೂರಹಳ್ಳಿಯವಳು. ನಮ್ಮ ರೇಷ್ಮೆ ಹುರಿ ಕಾರ್ಖಾನೆ ಶುರುವಾದಾಗಿನಿಂದ ಇದ್ದಾಳೆ, ಹಾಗಾಗಿ ನನಗಿಂತ ತನ್ನದೇ ಹೆಚ್ಚು ಎಂಬ ಗತ್ತು.

"ಏಮಿ ಸಾಮಿ ಇದು? ಆನೆಗೆ ರಾಗಿ ಬೀಸೋಕಾ?"

"ಫ್ಲೈವೀಲ್ ಇದು. ಶಕ್ತೀನ ಒಳಗಿಟ್ಟುಕೊಂಡಿರುತ್ತೆ. ಕರೆಂಟ್ ಕಮ್ಮಿ ಆದಾಗ ವಾಪಸ್ ಕೊಡುತ್ತೆ."

"ಒಳಗೆ ಅಂದ್ರೆ ಎಲ್ಲಿ? ನಡುವೆ ತೂತಲ್ವಾ ಇರೋದು."

ಇವಳಿಗೆ ಹೇಗೆ ಹೇಳುವುದು. ಎನರ್ಜಿ ಕ್ಯಾನ್ ನೈದರ್ ಬಿ ಕ್ರಿಯೇಟೆಡ್ ನಾರ್... ಮುಂದಿನದು ನಾಲಗೆಯ ತುದಿಯಲ್ಲಿದೆ, ಬರುತ್ತಿಲ್ಲ. ಬೆಂಗಳೂರಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದವರೆಗೆ ಓದಿದ್ದೇನೋ ನಿಜ. ಆಮೇಲೆ ತಾಲ್ಲೂಕು ಕಚೇರಿಯಲ್ಲಿ ಪಹಣಿ ಬರೆದು ಬರೆದು ಇಂಗ್ಲಿಷು ಅರ್ಧ ಸವೆಯಿತು, ಸೈನ್ಸು ಮುಕ್ಕಾಲು.

ಚಕ್ರ ಯಾಕೆ ಎಂಬುದನ್ನು ಬರೆದಿಡುತ್ತೇನೆ, ಹೇಳಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ಎದುರಿನ ಅಕ್ಕಿ ಗಿರಣಿ ಚಾಲೂ ಆದ ಕ್ಷಣ ನಮ್ಮ ದೀಪ ಕುಗ್ಗುತ್ತದೆ. ಹುರಿ ಹಾಕುವ ಕದಿರುಗಳು ಉಸಿರು ಹಿಡಿದವರಂತೆ ನಿಧಾನವಾಗುತ್ತವೆ. ರೇಷ್ಮೆಯ ಹುರಿ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಇಲ್ಲವೇ ಎಳೆಗಳು ಪಟಪಟ ಕಡಿಯುತ್ತವೆ. ಜಾನಕಮ್ಮ ಗಿರಣಿಯ ಬೆಲ್ಟಿನ ಸದ್ದು ಕೇಳಿಯೇ "ಬಂತು, ಹುಷಾರು" ಎಂದು ಕೂಗಿ ಅಷ್ಟರಲ್ಲಿ ಏನೋ ಮಾಡುತ್ತಿದ್ದಳು. ಏನು ಮಾಡುತ್ತಿದ್ದಳೋ ನಾನು ಕೇಳಿಟ್ಟುಕೊಳ್ಳಲಿಲ್ಲ. ಕಾರ್ಖಾನೆ ಅವಳದು, ನಾನು ಪಿಂಚಣಿ ತೆಗೆದುಕೊಂಡು ಪೇಪರ್ ಓದುತ್ತಾ ಅವಳಿಗೆ ಲೋಕದ ಸಮಾಚಾರ ಹೇಳುತ್ತಿದ್ದೆ. ಅವಳು ಕೇಳುತ್ತಿರಲಿಲ್ಲ, ಆದರೂ ಹೇಳುತ್ತಿದ್ದೆ. ಹೋದ ಆಷಾಢದಲ್ಲಿ ಹೋದಳು. ಈಗ ಕದಿರೂ ನನ್ನ ತಲೆಗೆ, ಎಳೆಯೂ ನನ್ನ ತಲೆಗೆ.

ಅವಲಕ್ಕಿ ನೆನೆಸಿಕೊಂಡು ತಿಂದೆ.

೧೭ ಫೆಬ್ರವರಿ, ಬುಧವಾರ

ಗ್ರಾಂಡ್ ಸಕ್ಸೆಸ್.

ಚಿಂತಾಮಣಿಯಿಂದ ಲೇತ್ ಅಮಾನುಲ್ಲಾ ಬಂದು ಬೇರಿಂಗ್ ಕೂರಿಸಿ, ಚಕ್ರವನ್ನು ಶಾಫ್ಟಿಗೆ ಹಾಕಿಕೊಟ್ಟ. ಮೋಟಾರು ಶಾಫ್ಟನ್ನು ತಿರುಗಿಸುತ್ತದೆ, ಶಾಫ್ಟು ಚಕ್ರವನ್ನೂ ಕದಿರುಗಳನ್ನೂ ತಿರುಗಿಸುತ್ತದೆ. ಇಷ್ಟೇ.

ಮೊದಲ ಸಲ ಸ್ವಿಚ್ ಹಾಕಿದೆ. ಮೋಟಾರು ಗುಂಯ್ ಎಂದು ನರಳಿತು, ಚಕ್ರ ಅಲುಗಲಿಲ್ಲ, ಹೊರಗೆ ಕಂಬದ ಮೇಲೆ ಢಂ. ಫ್ಯೂಸು ಹೋಯಿತು. ಲೈನ್‌ಮನ್ ಕಲಂದರನಿಗೆ ಹೇಳಿ ಕಳಿಸಿದೆ. ಬಂದ, ಚಕ್ರ ನೋಡಿದ, ಸೈಕಲ್ಲಿಗೆ ಒರಗಿ ನಿಂತುಬಿಟ್ಟ.

"ಸಾರ್, ಇದನ್ನ ಎಬ್ಬಿಸೋಕೆ ನಿಮ್ಮ ಮೋಟಾರಿಗೆ ಆಗಲ್ಲ. ದಿನಾ ಫ್ಯೂಸ್ ತಿಂದಾಕ್ತದೆ. ದಿನಾ ಕಂಬ ಹತ್ತೋಕೆ ನಾನೇನು ಕೋತಿನಾ?"

"ನಿನಗೆ ಸಂಬಳ ಮತ್ತ್ಯಾಕಪ್ಪಾ ಕೊಡೋದು?"

"ಕೋತಿಗಾದ್ರೂ ಬಾಳೆಹಣ್ಣು ಕೊಡ್ತಾರೆ, ಸಾರ್. ನೀವು ಬರೀ ಇಂಗ್ಲಿಷ್ ಕೊಡ್ತೀರಾ."

ಒಳಗೆ ಬಾಬಿನ್ ಹತ್ತಿರ ಕೂತಿದ್ದ ಅವನ ಹೆಂಡತಿ ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವಳು ನಮ್ಮಲ್ಲೇ ಕೆಲಸಕ್ಕಿದ್ದಾಳೆ.

ಕೊನೆಗೆ ಉಪಾಯ ಸಿಕ್ಕಿತು. ಚಕ್ರಕ್ಕೆ ಹಗ್ಗ ಸುತ್ತಿ ಹೆಂಗಸರೆಲ್ಲ ಸೇರಿ ಎಳೆದು ಮೊದಲು ತಿರುಗಿಸುವುದು, ತಿರುಗತೊಡಗಿದ ಮೇಲೆ ಸ್ವಿಚ್ಚು. "ಎಳೀರಮ್ಮೋ" ಎಂದು ಮುನಿಗಂಗಮ್ಮ ಕೂಗಿದಳು. ಚಕ್ರ ಎದ್ದಿತು. ಅದೇನು ಗಂಭೀರ, ಅದೇನು ಗಾಳಿ! ಮೊಮೆಂಟ್ ಆಫ್ ಇನರ್ಷಿಯಾ ಎಂದು ಹಲಗೆಯ ಮೇಲೆ ಬರೆದಿದ್ದ ಮೇಷ್ಟರ ಮುಖ ನೆನಪಾಯಿತು, ಹೆಸರು ನೆನಪಾಗಲಿಲ್ಲ.

ಮಧ್ಯಾಹ್ನ ಗಿರಣಿ ಚಾಲೂ ಆಯಿತು. ದೀಪ ಕುಗ್ಗಿತು. ಕದಿರುಗಳು ಕುಗ್ಗಲಿಲ್ಲ! ಒಂದೇ ಸಮನೆ ತಿರುಗಿದವು. ಒಂದು ಎಳೆಯೂ ಕಡಿಯಲಿಲ್ಲ. ಸಂಜೆ ಇಡೀ ಬೀದಿಯ ಕರೆಂಟು ಹೋದಾಗ ದೀಪವೇನೋ ತಟ್ಟನೆ ಆರಿತು, ಮಷಿನ್ನು ಮಾತ್ರ ಕತ್ತಲಲ್ಲೇ ತಿರುಗುತ್ತಿತ್ತು. ಹೆಂಗಸರು "ಅಯ್ಯಯ್ಯೋ" ಎಂದರು. ಜಾನಕಮ್ಮ ನೋಡಬೇಕಿತ್ತು.

೨೧ ಮಾರ್ಚ್, ಸೋಮವಾರ

ಹಬ್ಬ ಕಳೆಯಿತು. ಬೇವು ಬೆಲ್ಲ ನಾನೊಬ್ಬನೇ ತಿಂದೆ, ಬೇವೇ ಜಾಸ್ತಿ ಬಿತ್ತು.

ನಮ್ಮ ಹುರಿಯನ್ನು ಕೊಳ್ಳುವ ಸಾಹುಕಾರರು "ಈಗೀಗ ಒಂದೇ ಸಮ ಬರ್ತಿದೆಯಲ್ಲ" ಎಂದರು. ನಾನು ಚಕ್ರದ ವಿಷಯ ಹೇಳತೊಡಗಿದೆ, ಅವರಿಗೆ ಬಸ್ಸಿಗೆ ಹೊತ್ತಾಯಿತು. ನನಗೆ ದೊಡ್ಡ ಯೋಚನೆಯೊಂದು ಬಂದಿದೆ. ಬೆಳಿಗ್ಗೆ ಕರೆಂಟು ಬಂದ ಕೂಡಲೇ ಬೀದಿಯ ಎಲ್ಲಾ ಕಾರ್ಖಾನೆಯವರೂ ಒಟ್ಟಿಗೆ ಸ್ವಿಚ್ ಹಾಕುತ್ತಾರೆ, ಟ್ರಾನ್ಸ್‌ಫಾರ್ಮರ್ ಬಾಯಿಬಿಡುತ್ತದೆ. ಮನೆಗೊಂದು ಚಕ್ರವಿದ್ದರೆ? ಬಿಡುವಿನ ಹೊತ್ತಿನಲ್ಲಿ ತುಂಬಿಕೊಂಡು, ನೂಕುನುಗ್ಗಲಿನ ಹೊತ್ತಿನಲ್ಲಿ ಕೊಟ್ಟರೆ? ಊರಿನ ಕರೆಂಟೇ ಕೆರೆಯ ನೀರಿನಂತೆ ಸಮವಾಗಿ ನಿಲ್ಲುತ್ತದೆ. ಡಿಮಾಂಡ್ ಸ್ಮೂತಿಂಗ್ ಎಂದೋ ಸ್ಮೂತನಿಂಗ್ ಎಂದೋ ಅನ್ನುತ್ತಾರೆ.

ಇದನ್ನು ಕಲಂದರನಿಗೆ ಹೇಳಿದೆ. ಕರೆಂಟು ಪೋಲಾಗದಿರಲು ಮೋಟಾರಿಗೆ ಕೆಪಾಸಿಟರ್ ಡಬ್ಬಿ ಹಾಕಿಸಲೇಬೇಕು ಎಂದು ಕರೆಂಟ್ ಆಫೀಸಿನವರು ಎಲ್ಲರಿಗೂ ಹೇಳಿದ್ದಾರೆ. ಆ ಡಬ್ಬಿ ಕೂರಿಸುವುದನ್ನು ನೋಡಲು ಬಂದಿದ್ದ.

"ಊರಿಗೆಲ್ಲಾ ಚಕ್ರ ಹಾಕಿದ್ರೆ ನನ್ನ ಗತಿ ಏನು ಸಾರ್? ಫ್ಯೂಸೇ ಹೋಗಲ್ಲ ಅಂದ್ರೆ ನನ್ನ ಯಾರು ಕರೀತಾರೆ?"

ತಂತಿಯೊಂದನ್ನು ಬಿಗಿ ಮಾಡಬೇಕೆಂದು ಕಂಬ ಹತ್ತಿ ನಮ್ಮ ಮೂರು ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ, ಕಿವಿ ನಮ್ಮ ಕಡೆ ತಿರುಗಿಸಿದ. ಮಷಿನ್ನು ಆಗಲೇ ನಿಲ್ಲಿಸಿದ್ದೆವು. ಒಳಗಿನ ದೀಪ ಆರಿತು. ಮುನಿಗಂಗಮ್ಮ "ಹೋಯ್ತು!" ಎಂದು ಕೂಗಿದಳು. ಆಮೇಲೆ ತಂತಿ ಮುಟ್ಟಿದ. ನಮ್ಮ ಊರಿನ ಲೈನ್‌ಮನ್‌ಗಳೆಲ್ಲ ಹೀಗೇ. ಕಾರ್ಖಾನೆಯ ಹೆಂಗಸರ ಕೂಗೇ ಅವರಿಗೆ ಪರೀಕ್ಷೆ.

"ಟೆಸ್ಟರ್ ಇಟ್ಟುಕೊಳ್ಳೋದಲ್ವೇನೋ?"

"ಮುನಿಗಂಗಮ್ಮ ಇದ್ದಾರಲ್ಲ ಸಾರ್. ಟೆಸ್ಟರ್ ಇಷ್ಟು ಜೋರಾಗಿ ಕೂಗಲ್ಲ."

೨೬ ಏಪ್ರಿಲ್, ಮಂಗಳವಾರ

ಕಲಂದರ್ ಕಂಬದಿಂದ ಬಿದ್ದ. ಕರೆಂಟು ಹೊಡೆದು. ನಮ್ಮ ಕಂಬ.

ಬರೆಯಲು ಆಗುತ್ತಿಲ್ಲ.

೨೭ ಏಪ್ರಿಲ್, ಬುಧವಾರ

ಕರೆದುಕೊಂಡು ಬಂದವನು ನಾನೇ. ಕಂಬದ ಮೇಲೆ ನಮ್ಮ ತಂತಿಯ ಗಂಟು ಸಡಿಲವಾಗಿ ಕಿಡಿ ಹಾರುತ್ತಿತ್ತು. ಅವನಿಗೆ ರಂಜಾನಿನ ಉಪವಾಸ. "ನೀರೂ ಕುಡಿಯೋ ಹಂಗಿಲ್ಲ, ನಿಮ್ಮ ಮಾತೂ ಕೇಳ್ಬೇಕು" ಎನ್ನುತ್ತಲೇ ಏಣಿ ಒರಗಿಸಿದ. "ಮಷಿನ್ ನಿಲ್ಲಿಸಲೇನಪ್ಪ?" ಎಂದೆ. "ಯಾಕ್ ನಿಲ್ಲಿಸ್ತೀರಿ ಸಾರ್, ಎರಡು ನಿಮಿಷದ ಕೆಲಸ. ನಿಮ್ಮ ಚಕ್ರ ಇದ್ಯಲ್ಲ, ಅದು ತಿರುಗ್ತಾ ಇರ್ಲಿ. ಆಮೇಲೆ ಹಗ್ಗ ಎಳೆಯೋ ಕಷ್ಟ ತಪ್ತದೆ."

ನಾನು ಒಳಗೆ ಹೋದೆ. ಮಷಿನ್ನು ತಿರುಗುತ್ತಿತ್ತು. ದೀಪ ಉರಿಯುತ್ತಿತ್ತು. ಇನ್ನೂ ಫ್ಯೂಸ್ ಕಿತ್ತಿಲ್ಲ ಎಂದುಕೊಂಡೆ. ಮುನಿಗಂಗಮ್ಮ ಕೂಗಲು ಬಾಯಿ ಸಿದ್ಧಮಾಡಿಕೊಂಡು ದೀಪವನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಹೊರಗೆ ಸದ್ದು. ನೆಂದ ಗೋಣಿಚೀಲ ಮೇಲಿನಿಂದ ಹಾಕಿದ ಹಾಗೆ.

ಅವನ ಹೆಂಡತಿಗೆ ಹೇಗೆ ಗೊತ್ತಾಯಿತೋ. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಅವಳು ಬಾಗಿಲು ದಾಟಿಯಾಗಿತ್ತು.

ಕಲಂದರ್ ಮೋರಿಯ ಪಕ್ಕ ಬಿದ್ದಿದ್ದ. ಬಲಗೈ ಕಪ್ಪು. ಕಣ್ಣು ತೆರೆದೇ ಇತ್ತು, ನೋಡುತ್ತಿರಲಿಲ್ಲ. ಮೂರು ಫ್ಯೂಸುಗಳು ಸುತ್ತ ಚೆಲ್ಲಿದ್ದವು, ಒಂದರ ಪಿಂಗಾಣಿ ಒಡೆದಿತ್ತು. ನಾನು ಏನು ಮಾಡಿದೆ? ಆ ಒಡೆದ ಚೂರುಗಳನ್ನು ಹೆಕ್ಕುತ್ತಾ ಕುಳಿತಿದ್ದೆನಂತೆ. ನೆನಪಿಲ್ಲ, ಮುನಿಗಂಗಮ್ಮ ಹೇಳಿದ್ದು. ಗಿರಣಿಯವರ ವ್ಯಾನಿನಲ್ಲಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹಾಕಿಕೊಂಡು ಹೋದೆವು. ದಾರಿಯುದ್ದಕ್ಕೂ ಅವನ ತಲೆ ನನ್ನ ತೊಡೆಯ ಮೇಲೆ. ಇಷ್ಟು ವರ್ಷದಲ್ಲಿ ಅವನ ತಲೆಗೂದಲು ಇಷ್ಟು ನರೆತದ್ದು ನಾನು ಕಂಡಿರಲಿಲ್ಲ.

ಜೀವಕ್ಕೆ ಅಪಾಯವಿಲ್ಲ ಎಂದರು. ಇವತ್ತು ಬಾಯಿಬಿಟ್ಟ. ಮೊದಲ ಮಾತೇ ಇದು: "ಕಿತ್ತಿದ್ದೆ ಸಾರ್. ಮೂರೂ ಕಿತ್ತಿದ್ದೆ."

ಹೂಂ ಎಂದೆ. ದೀಪ ಉರಿಯುತ್ತಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

೩೦ ಏಪ್ರಿಲ್, ಶನಿವಾರ

ಸೆಕ್ಷನ್ ಇಂಜಿನಿಯರ್ ಚನ್ನಕೇಶವ ಬಂದು ಎಲ್ಲರ ಹೇಳಿಕೆ ಬರೆದುಕೊಂಡರು. ಒಳ್ಳೆಯ ಮನುಷ್ಯ, ನನ್ನನ್ನು ಕುರ್ಚಿಯಲ್ಲಿ ಕೂರಿಸಿಯೇ ತಾವು ಕುಳಿತರು.

"ಪುಟ್ಟಸ್ವಾಮಯ್ಯನೋರೆ, ಅವನು ಬಿದ್ದಾಗ ಮಷಿನ್ ತಿರುಗ್ತಿತ್ತಾ?"

"ತಿರುಗ್ತಿತ್ತು."

"ಅದು ನಿಮ್ಮ ಚಕ್ರದಿಂದ ಇರಬಹುದು. ದೀಪ?"

"ಉರೀತಿತ್ತು. ಚಕ್ರ ಮಷಿನ್ನ ತಿರುಗಿಸುತ್ತೆ ಸ್ವಾಮಿ, ದೀಪ ಉರಿಸಲ್ಲ. ಕರೆಂಟ್ ಹೋದ್ರೆ ದೀಪ ತಕ್ಷಣ ಆರುತ್ತೆ, ಮೂರು ತಿಂಗಳಿಂದ ನೋಡ್ತಿದ್ದೀನಿ. ಇನರ್ಷಿಯಾ ಈಸ್ ಮೆಕ್ಯಾನಿಕಲ್ ಓನ್ಲಿ."

ಅವರು ತಲೆದೂಗಿದರು. ಮುನಿಗಂಗಮ್ಮನೂ ಅದನ್ನೇ ಹೇಳಿದಳು, ಸತ್ಯವಲ್ಲವೇ. ಆಮೇಲೆ ಕಲಂದರನ ಹೆಂಡತಿಯ ಸರದಿ.

"ನೀನು ನೋಡಿದ್ದು ಹೇಳಮ್ಮ. ದೀಪ?"

"ಉರೀತಿತ್ತು, ಸಾಬ್."

"ಹಾಗಾದ್ರೆ ಲೈನಲ್ಲಿ ಕರೆಂಟ್ ಇತ್ತು. ಫ್ಯೂಸ್ ಕಿತ್ತಿಲ್ಲ. ಬೀಳುವಾಗ ಕೈ ತಗುಲಿ ಕಿತ್ಕೊಂಡು ಬಂದಿವೆ," ಎಂದರು ಇಂಜಿನಿಯರು. ಮೆಲ್ಲಗೆ, ಬೇಸರದಿಂದಲೇ. "ಉಪವಾಸ ಬೇರೆ. ತಲೆ ಸುತ್ತಿರಬೇಕು. ಏನ್ಮಾಡೋಣ, ಬೇಜವಾಬ್ದಾರಿ ಅಂತ ಆದ್ರೆ ಕೆಲಸ ಉಳಿಯೋದು ಕಷ್ಟ."

ಕಲಂದರನನ್ನು ಸಸ್ಪೆಂಡ್ ಮಾಡಿದ್ದಾರೆ. ನಾನು ನೋಡಿದ್ದನ್ನಷ್ಟೇ ಹೇಳಿದೆ.

೪ ಮೇ, ಬುಧವಾರ

ಆಸ್ಪತ್ರೆಯಿಂದ ಕಳಿಸಿದ್ದಾರೆ ಎಂದು ತಿಳಿದು ಸಂಜೆ ಅವನ ಮನೆಗೆ ಹೋದೆ. ಇಷ್ಟು ವರ್ಷ ಇದೇ ಊರಲ್ಲಿದ್ದು ಆ ಗಲ್ಲಿಗೆ ಕಾಲಿಟ್ಟಿರಲಿಲ್ಲ. ಉಪವಾಸ ಬಿಡುವ ಹೊತ್ತು. ಬೇಡವೆಂದರೂ ತಾಹಿರಾ ಒಂದು ಬಟ್ಟಲು ಗಂಜಿ ತಂದಿಟ್ಟಳು. ತಾಹಿರಾ ಎಂದರೆ ಅವನ ಹೆಂಡತಿ. ಬಿಸಿಯಾಗಿತ್ತು, ಪೂರ್ತಿ ಕುಡಿದೆ.

ಬಲಗೈ ಬಟ್ಟೆಯಲ್ಲಿ ಕಟ್ಟಿ ಕುತ್ತಿಗೆಗೆ ತೂಗುಹಾಕಿದ್ದಾರೆ. ಎರಡು ಬೆರಳು ಇಲ್ಲ. ಅವನು ಗೋಡೆ ನೋಡುತ್ತಿದ್ದ.

"ಸೋಮವಾರದೊಳಗೆ ನಿನ್ನ ತಪ್ಪು ಅಂತ ಬರೆದುಕೊಡು, ಕರುಣೆ ಮೇಲೆ ಕಾವಲುಗಾರನ ಕೆಲಸ ಆದ್ರೂ ಕೊಡಿಸ್ತೀವಿ ಅಂದಿದ್ದಾರೆ, ಸಾರ್," ಎಂದ.

"ಬರೀಬೇಡಿ," ಎಂದಳು ತಾಹಿರಾ.

"ನೀನೇ ಹೇಳಿದ್ಯಲ್ಲ ದೀಪ ಉರೀತಿತ್ತು ಅಂತ!"

"ಉರೀತಿತ್ತು. ಸುಳ್ಳು ಹೇಳ್ಲಾ ರೋಜಾ ಉಪವಾಸದಲ್ಲಿ?"

"ನೋಡಿ ಸಾರ್. ನನ್ನ ಹೆಂಡ್ತಿ ಸುಳ್ಳು ಹೇಳಲ್ಲ. ನೀವೂ ಹೇಳಲ್ಲ. ಅಂದ್ರೆ ನಾನೇ ಹೇಳ್ತಿರೋದು." ಎಡಗೈ ಎತ್ತಿ ಎದೆಯ ಮೇಲಿನ ಜೇಬು ತಟ್ಟಿಕೊಂಡ. "ಇಲ್ಲಿ ಹಾಕ್ಕೊಂಡಿದ್ದು ನೆನಪಿದೆ. ಭಾರ ಸಹ ನೆನಪಿದೆ. ಮುನಿಗಂಗಮ್ಮನ ಕೂಗು ಮಷಿನ್ ಸದ್ದಲ್ಲಿ ಕೇಳ್ಸಿಲ್ಲ ಅಂದ್ಕೊಂಡು ತಂತಿ ಮುಟ್ಟಿದೆ. ಅದೆಂಥಾ ನೆನಪು ಸಾರ್, ಆಗದೇ ಇರೋದು? ಇಪ್ಪತ್ತು ವರ್ಷ ಕಂಬ ಹತ್ತಿದ್ದೀನಿ. ಇನ್ನ ನನ್ನ ಕೈನ ನಾನೇ ನಂಬೋ ಹಂಗಿಲ್ಲ."

ಸಮಾಧಾನದ ಇಂಗ್ಲಿಷು ಯಾವುದೂ ಬಾಯಿಗೆ ಬರಲಿಲ್ಲ.

೬ ಮೇ, ಶುಕ್ರವಾರ

ಇವತ್ತು ನಾನು ಕಂಡದ್ದನ್ನು ನಾನೇ ನಂಬುತ್ತಿಲ್ಲ.

ಮಧ್ಯಾಹ್ನ ಊಟಕ್ಕೆ ಮಷಿನ್ ನಿಲ್ಲಿಸಬೇಕಿತ್ತು. ದಿನವೂ ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿ ಮೋಟಾರು ಮಾತ್ರ ನಿಲ್ಲಿಸುತ್ತೇವೆ. ಇವತ್ತು ಗುಂಡಿ ಸಿಕ್ಕಿಕೊಂಡಿತ್ತು, ಒತ್ತಿದರೆ ಒಳಗೆ ಹೋಗಲಿಲ್ಲ. ಸರಿ, ಮೀಟರಿನ ಹತ್ತಿರದ ಮೈನ್ ಸ್ವಿಚ್ಚನ್ನೇ ಎಳೆದೆ. ಅದನ್ನು ಎಳೆದರೆ ಇಡೀ ಕಾರ್ಖಾನೆಗೆ ಕರೆಂಟು ಸಂಪೂರ್ಣ ಬಂದ್. ಹಿಡಿ ನನ್ನ ಕೈಯಲ್ಲೇ ಇದೆ.

ದೀಪ ಆರಲಿಲ್ಲ.

ಹಿಡಿಯನ್ನು ನೋಡಿದೆ. ಕೆಳಗೇ ಇದೆ. ದೀಪವನ್ನು ನೋಡಿದೆ. ಉರಿಯುತ್ತಿದೆ. ಚಕ್ರ ತಿರುಗುತ್ತಿತ್ತು, ಅದರ ಜೊತೆ ಮೋಟಾರೂ ತಿರುಗುತ್ತಿತ್ತು, ದೀಪ ಉರಿಯುತ್ತಲೇ ಇತ್ತು. ಎಷ್ಟೋ ಹೊತ್ತಿನ ಮೇಲೆ ಹಳದಿಗೆ ತಿರುಗಿ, ಕೆಂಪಗಾಗಿ, ಆರಿತು.

"ಮುನಿಗಂಗಮ್ಮಾ!"

"ಏಮಾಯ್ತು ಸಾಮಿ, ಯಾಕ್ ಅಂಗ್ ಕೂಗ್ತೀರಾ?"

"ಅವತ್ತು ಕಲಂದರ್ ಬಿದ್ದಾಗ ಮಷಿನ್ ಆಫ್ ಮಾಡಿದ್ದು ಯಾರು?"

ಅವಳು ಯೋಚಿಸಿದಳು. "ನಾನಲ್ಲ. ನೀವೇ ಇರ್ಬೇಕು ಅಂದ್ಕೊಂಡೆ."

"ನಾನಲ್ಲ."

"ಮತ್ತೆ? ನಾವು ಆಸ್ಪತ್ರೆಯಿಂದ ವಾಪಸ್ ಬಂದಾಗ ನಿಂತಿತ್ತು ಸಾಮಿ."

ಯಾರೂ ನಿಲ್ಲಿಸಿರಲಿಲ್ಲ. ಕರೆಂಟು ಇರಲಿಲ್ಲ, ಅದಕ್ಕೇ ನಿಂತಿತ್ತು. ದೀಪ ಉರಿಯುತ್ತಿದ್ದರೆ ಫ್ಯೂಸು ಕಿತ್ತಿಲ್ಲ ಎಂದು ಅರ್ಥವಲ್ಲ, ಈಗ ನಾನೇ ನೋಡಿದೆ. ಅವನು ಮೂರೂ ಕಿತ್ತಿದ್ದ. ಕಿತ್ತು ಜೇಬಿಗೆ ಹಾಕಿಕೊಂಡಿದ್ದ. ಜೇಬಿನ ಭಾರ ನಿಜವಾದ ಭಾರ. ಆಮೇಲೆ ಅವನು ಮುಟ್ಟಿದ ತಂತಿಯಲ್ಲಿ ಇದ್ದದ್ದು ಬೀದಿಯ ಕರೆಂಟಲ್ಲ.



೭ ಮೇ, ಶನಿವಾರ

ಬೆಳಗಿನಿಂದ ಇದೇ ಕೆಲಸ. ಹಗ್ಗ ಎಳೆಯುವುದು, ಚಕ್ರ ಎಬ್ಬಿಸುವುದು, ಮೈನ್ ಎಳೆಯುವುದು, ದೀಪ ನೋಡುವುದು. ಪ್ರತಿ ಸಲವೂ ಉರಿಯುತ್ತದೆ. ಮೋಟಾರಿನ ಕೆಪಾಸಿಟರ್ ಡಬ್ಬಿಯ ತಂತಿಗಳನ್ನು ಬಿಡಿಸಿಟ್ಟು ಮಾಡಿದೆ. ದೀಪ ತಕ್ಷಣ ಆರಿತು. ಡಬ್ಬಿ ವಾಪಸ್ ಹಾಕಿದೆ, ಮತ್ತೆ ಉರಿಯಿತು. ಚಕ್ರ ಮೋಟಾರನ್ನು ತಿರುಗಿಸುತ್ತದೆ, ಡಬ್ಬಿ ಇದ್ದರೆ ಮೋಟಾರೇ ಕರೆಂಟು ಹುಟ್ಟಿಸುತ್ತದೆ. ಇಡೀ ಬೀದಿಯ ಕರೆಂಟು ಹೋದಾಗ ನಮ್ಮದನ್ನು ಬೀದಿಯೆಲ್ಲ ಹಂಚಿಕೊಂಡು ತಿಂದುಬಿಡುತ್ತದೆ, ಅದಕ್ಕೇ ದೀಪ ಆರುತ್ತಿತ್ತು. ನಮ್ಮ ತಂತಿಯನ್ನು ಮಾತ್ರ ಬೇರೆ ಮಾಡಿದರೆ ಅದು ನಮ್ಮಲ್ಲೇ ಉಳಿಯುತ್ತದೆ. ಪುಸ್ತಕದಲ್ಲಿ ಇದಕ್ಕೆ ಏನೋ ಹೆಸರಿರಬಹುದು. ಇದ್ದರೆ ಇರಲಿ.

ಮುನಿಗಂಗಮ್ಮ ಹಗ್ಗ ಕೆಳಗೆ ಹಾಕಿದಳು.

"ಸಾಮಿ, ಇದನ್ನ ಆಫೀಸಿಗೆ ಹೇಳ್ತೀರಾ?"

"ಹೇಳದೆ?"

"ಹೇಳಿದ್ರೆ ಲೈನ್ ಕಿತ್ತಾಕ್ತಾರೆ. ಬಾಗಿಲಿಗೆ ಬೀಗ ಬೀಳ್ತದೆ. ಅಮ್ಮನೋರು ಕಟ್ಟಿದ್ದಿದು. ನಾವಿಷ್ಟು ಜನ ಎಲ್ಲೋಗಣ?"

"ಅವನೆಲ್ಲಿ ಹೋಗ್ತಾನೆ ಹೇಳು."

ಅವಳು ಡಬ್ಬಿಯ ಕಡೆ ನೋಡಿದಳು. "ಆ ಡಬ್ಬಿ ಎಸೆದು, ಸುಮ್ನೆ ಇದ್ಬಿಟ್ರೆ?" ಎಂದಳು. ಅವಳಿಗೇ ನಾಚಿಕೆಯಾಯಿತೇನೋ, ಸೆರಗಿನಿಂದ ಮೂಗು ಒರೆಸಿಕೊಂಡು ಹಗ್ಗವನ್ನು ಮತ್ತೆ ಎತ್ತಿಕೊಂಡಳು.

ಸಂಜೆ ಕಲಂದರನ ಮನೆಗೆ ಓಡಿದೆ. ಓಡಿದೆ ಎಂದರೆ ಓಡಿದೆ, ಈ ವಯಸ್ಸಿನಲ್ಲಿ. ಅವನಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ, ನಾನು ಎಂಥ ಮೂರ್ಖ.

"ನಿನ್ನ ತಪ್ಪಲ್ಲ ಕಣೋ. ನೀನು ಕಿತ್ತಿದ್ದೆ. ನಿನಗೆ ಹೊಡೆದದ್ದು ನನ್ನ ಚಕ್ರ."

ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ನಗುತ್ತಾನೆ ಎಂದುಕೊಂಡೆ, ಮುಖ ಹಾಗೇ ಆಯಿತು. ಆಮೇಲೆ ಅದು ನಗುವಲ್ಲ ಎಂದು ತಿಳಿಯಿತು.

"ಇಷ್ಟು ದಿನ ನನ್ನ ನಾನೇ ಬೈಕೊಂಡೆ ಸಾರ್. ನಮಾಜಲ್ಲಿ ಕೂತು, ಯಾ ಅಲ್ಲಾ, ನನ್ನ ಬುದ್ಧಿ ಯಾಕೆ ಕಿತ್ಕೊಂಡೆ ಅಂತ ಕೇಳ್ದೆ. ಹೆಂಡ್ತಿ ಮುಖ ನೋಡಲಿಲ್ಲ. ನೀವು ಕುರ್ಚಿಲಿ ಕೂತ್ಕೊಂಡು ದೀಪ ಉರೀತಿತ್ತು, ಚಕ್ರ ದೀಪ ಉರಿಸಲ್ಲ ಅಂತ ಅದೇನೋ ಇಂಗ್ಲಿಷಲ್ಲಿ ಹೇಳಿದ್ರಂತೆ."

"ನನಗೆ ಗೊತ್ತಿರಲಿಲ್ಲಪ್ಪ."

"ಗೊತ್ತಿಲ್ದೇ ಇರೋದನ್ನ ಯಾಕ್ ಹೇಳಿದ್ರಿ?"

ನಾನು ಎದ್ದು ನಿಂತೆ.

"ಹೋಗಿ ಸಾರ್. ನನ್ನ ಕಣ್ಮುಂದೆ ಇರ್ಬೇಡಿ."

ತಾಹಿರಾ ಬಾಗಿಲ ತನಕ ಬಂದಳು. "ಸೋಮವಾರ ಅವರು ಬರೆದುಕೊಡಬಾರದು. ಅಷ್ಟೊಳಗೆ ಹೇಳಿ," ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು.

೯ ಮೇ, ಸೋಮವಾರ

ಆಫೀಸಿನ ಬಾಗಿಲು ತೆರೆಯುವ ಮೊದಲೇ ಹೋಗಿ ಕುಳಿತಿದ್ದೆ. ಚನ್ನಕೇಶವ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೇಜಿನ ಮೇಲಿನ ಗಾಜಿನ ಗುಂಡನ್ನು ಉರುಳಿಸುತ್ತಾ,

"ರೀ, ಕರೆಂಟು ನಮ್ಮಿಂದ ನಿಮಗೆ ಬರೋದು. ನಿಮ್ಮಿಂದ ನಮಗೆ ಬರೋದಿಲ್ಲ," ಎಂದರು.

"ಬಂದು ನೋಡಿ ಸ್ವಾಮಿ."

"ಅವನನ್ನ ಉಳಿಸೋಕೆ ಹೀಗೆಲ್ಲಾ ಹೇಳ್ತಿದ್ದೀರಿ. ಒಳ್ಳೇ ಮನಸ್ಸು ನಿಮ್ಮದು. ಆದ್ರೆ ನಿಜ ಆದ್ರೆ ನಿಮ್ಮ ಲೈನು ಇವತ್ತೇ ಕಟ್ ಮಾಡಬೇಕಾಗುತ್ತೆ, ಗೊತ್ತಲ್ಲ? ಯೋಚನೆ ಮಾಡಿ."

"ಮಾಡಿದ್ದೀನಿ."

ಗುರುವಾರ ಬರುತ್ತಾರಂತೆ. ಅಲ್ಲಿಯವರೆಗೆ ಕಲಂದರನಿಂದ ಏನೂ ಬರೆಸಿಕೊಳ್ಳುವುದಿಲ್ಲ ಎಂದಿದ್ದಾರೆ. ತಾಹಿರಾ ಕೆಲಸಕ್ಕೆ ಬಂದಿಲ್ಲ. ಅವಳ ಬಾಬಿನ್‌ಗಳನ್ನು ನಾನೇ ತುಂಬಿದೆ. ಬೆರಳು ಕೊಯ್ದುಕೊಂಡಿತು, ಈ ಎಳೆ ಇಷ್ಟು ಹರಿತ ಎಂದು ಗೊತ್ತಿರಲಿಲ್ಲ. ಮುನಿಗಂಗಮ್ಮ ಮುದ್ದೆ ತಂದಿದ್ದಳು, ಎಲ್ಲರ ಜೊತೆ ನೆಲದ ಮೇಲೆ ಕುಳಿತು ತಿಂದೆ.

೧೨ ಮೇ, ಗುರುವಾರ

ಬೀದಿಯ ಜನವೆಲ್ಲ ಸೇರಿದ್ದರು. ಗಿರಣಿಯವರು, ಅಕ್ಕಪಕ್ಕದ ಕಾರ್ಖಾನೆಯವರು. ಇಂಜಿನಿಯರು ಬೇರೊಬ್ಬ ಲೈನ್‌ಮನ್ನನ್ನು ಕರೆತಂದಿದ್ದರು. ಅವನು ಕಂಬ ಹತ್ತಿ, ಕಲಂದರ್ ಮುಟ್ಟಿದ್ದ ಅದೇ ತಂತಿಗಳಿಂದ ಎರಡು ಉದ್ದನೆಯ ತಂತಿ ಕೆಳಗೆ ಬಿಟ್ಟು, ತುದಿಗೆ ಬಲ್ಬು ಕಟ್ಟಿದ. ಬಲ್ಬನ್ನು ಜಗಲಿಯ ಮೇಲೆ ಇಟ್ಟೆವು. ಹಗಲಿನಲ್ಲೂ ಚೆನ್ನಾಗಿ ಉರಿಯುತ್ತಿತ್ತು.

ಗುಂಪಿನ ಅಂಚಿನಲ್ಲಿ ಕಲಂದರ್ ನಿಂತಿದ್ದ, ತಾಹಿರಾಳ ಜೊತೆ. ಬರುತ್ತಾನೆ ಎಂದುಕೊಂಡಿರಲಿಲ್ಲ. ನನ್ನ ಕಡೆ ನೋಡಲಿಲ್ಲ.

ಹೆಂಗಸರು ಹಗ್ಗ ಎಳೆದರು. ಚಕ್ರ ವೇಗಕ್ಕೆ ಬಂತು. ಇಂಜಿನಿಯರು ಕೈ ಎತ್ತಿದರು. ಮೇಲಿದ್ದವನು ಒಂದೊಂದೇ ಫ್ಯೂಸು ಕಿತ್ತು ಕೆಳಗೆ ಕೊಟ್ಟ. ಮೂರನ್ನೂ ಇಂಜಿನಿಯರು ತಮ್ಮ ಕೈಯಲ್ಲೇ ಹಿಡಿದುಕೊಂಡರು.

ಬಲ್ಬು ಉರಿಯುತ್ತಲೇ ಇತ್ತು.

ಇಂಜಿನಿಯರು ಕೈಯಲ್ಲಿದ್ದ ಫ್ಯೂಸುಗಳನ್ನು ನೋಡಿದರು, ಬಲ್ಬು ನೋಡಿದರು, ಕಂಬ ನೋಡಿದರು, ಮತ್ತೆ ಫ್ಯೂಸು ನೋಡಿದರು. ಮುಖ ಬಿಳುಪೇರಿತ್ತು. ಆರು ದಿನ ನೋಡಿ ನೋಡಿ ನನಗೆ ರೂಢಿಯಾಗಿರಬೇಕಿತ್ತು. ಆಗಿರಲಿಲ್ಲ.

"ಇದು ಯಾರ ಕರೆಂಟ್ರೀ?" ಎಂದರು, ಮಗುವಿನ ಹಾಗೆ.

"ನನ್ನದು, ಸ್ವಾಮಿ."

ಗುಂಪಿನಲ್ಲಿ ಯಾರೋ ಹೆಂಗಸು ಅಳತೊಡಗಿದಳು. ತಾಹಿರಾ ಅಲ್ಲ, ಮುನಿಗಂಗಮ್ಮ. ತಾಹಿರಾ ಗಂಡನ ಮುಖವನ್ನೇ ನೋಡುತ್ತಿದ್ದಳು. ಇಂಜಿನಿಯರು ನೇರ ಕಲಂದರನ ಹತ್ತಿರ ಹೋದರು. ಏನು ಹೇಳಬೇಕೋ ತಿಳಿಯದೆ ಮೂರು ಫ್ಯೂಸುಗಳನ್ನೂ ಅವನ ಎಡಗೈಗೆ ಕೊಟ್ಟುಬಿಟ್ಟರು. "ನೀನು ಕಿತ್ತಿದ್ದೆ ಕಣಯ್ಯ. ನಾನು ಇವತ್ತೇ ಮೇಲಕ್ಕೆ ಬರೀತೀನಿ." ಕಲಂದರ್ ತಲೆ ಬಗ್ಗಿಸಿ ಅವುಗಳನ್ನು ನೋಡಿದ. ಆಮೇಲೆ ಒಂದೊಂದಾಗಿ ಜೇಬಿಗೆ ಹಾಕಿಕೊಂಡ.

ನಮ್ಮ ಲೈನು ಕಟ್ ಆಗುತ್ತದೆ. ಹೆಂಗಸರನ್ನು ಪಕ್ಕದ ಕಾರ್ಖಾನೆಯವರು ತೆಗೆದುಕೊಳ್ಳುತ್ತಾರಾ ಎಂದು ನಾಳೆ ಕೇಳಬೇಕು.

ಅಷ್ಟರಲ್ಲಿ ಬಲ್ಬು ಕೆಂಪಗಾಗಿ ಆರಿತು. ಮುಗಿಯಿತಲ್ಲ ಎಂದು ನಾನು ಜಗಲಿಗೆ ಬಗ್ಗಿ, ತಂತಿಯ ಗಂಟು ಬಿಚ್ಚಲು ಕೈ ಚಾಚಿದೆ.

ಹಿಂದಿನಿಂದ ಯಾರೋ ನನ್ನ ಅಂಗಿಯ ಕಾಲರು ಹಿಡಿದು ಜಗ್ಗಿದರು. ಕುಂಡಿ ಊರಿ ಕೂರುವ ಹಾಗೆ ಬಿದ್ದೆ.

"ತಲೆ ಕೆಟ್ಟಿದೆಯಾ ನಿಮಗೆ?" ಕಲಂದರ್. ಎಡಗೈ. ಅಷ್ಟು ದಿನದ ಮೇಲೆ ನನಗೆ ಆಡಿದ ಮೊದಲ ಮಾತು. "ಇನ್ನೂ ತಿರುಗ್ತಾ ಇದೆ, ಕೇಳ್ಸಲ್ವಾ?"

ಕೇಳಿಸುತ್ತಿತ್ತು. ಒಳಗೆ ಮೆಲ್ಲಗೆ, ಗಾಳಿಯನ್ನು ಕೊಯ್ಯುವ ಸದ್ದು.

"ಕೂತ್ಕೊಳ್ಳಿ ಸುಮ್ನೆ," ಎಂದು ಅವನೂ ನನ್ನ ಪಕ್ಕದಲ್ಲಿ ನೆಲಕ್ಕೆ ಕುಳಿತ. ಇಂಜಿನಿಯರೂ ಬೀದಿಯವರೂ ನಿಂತಲ್ಲೇ ನಿಂತರು. ಚಕ್ರ ನಿಲ್ಲುವವರೆಗೂ ಅವನು ನನ್ನ ಅಂಗಿ ಬಿಡಲಿಲ್ಲ.